ವಿಯೆನ್ನಾದ ಸಮ್ಮೇಳನಕ್ಕೆ ಮೊದಲ ಸಲ ಹೊರಟವರಿಗೆ

ಪ್ರತಿ ವರ್ಷ ಏಪ್ರಿಲ್ ಸುಮಾರಿಗೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಭೂವಿಜ್ಞಾನಿಗಳ ದೊಡ್ಡ ಜಾತ್ರೆ ನೆರೆಯುತ್ತದೆ. ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ನಡೆಸುವ ಈ ಸಮ್ಮೇಳನವನ್ನು ಎಲ್ಲರೂ ಇಜಿಯು ಎಂದೇ ಕರೆಯುತ್ತಾರೆ. ಮುಂಗಾರು ಮಳೆ, ಅಂತರ್ಜಲ, ಭೂಕುಸಿತ, ಭೂಕಂಪ, ಹಿಮನದಿ, ಮಣ್ಣು ಇವುಗಳಲ್ಲಿ ಯಾವುದರ ಮೇಲೆ ಕೆಲಸ ಮಾಡುವವರಾದರೂ ಒಮ್ಮೆ ಇಲ್ಲಿಗೆ ಬಂದೇ ಬರುತ್ತಾರೆ. ಒಂದು ವಾರದಲ್ಲಿ ಸೇರುವವರು 15 ಸಾವಿರಕ್ಕೂ ಹೆಚ್ಚು. ಸಮ್ಮೇಳನ ನಡೆಯುವ ಆಸ್ಟ್ರಿಯಾ ಸೆಂಟರ್ ಕಟ್ಟಡದಲ್ಲೇ ವರ್ಷದ ಇನ್ನೊಂದು ಹೊತ್ತಿನಲ್ಲಿ ಯುರೋಪಿನ ರೇಡಿಯಾಲಜಿ ವೈದ್ಯರ ಮಹಾಸಮ್ಮೇಳನವೂ ನಡೆಯುತ್ತದೆ. ಪಕ್ಕದ ವಿಶ್ವಸಂಸ್ಥೆ ಆವರಣದಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಭೆಗಳಿರುತ್ತವೆ. ಹೀಗಾಗಿ ಕರ್ನಾಟಕದ ಸಂಶೋಧಕರು, ವೈದ್ಯರು, ಎಂಜಿನಿಯರುಗಳು ವಿಯೆನ್ನಾದ ಈ ಒಂದೇ ಮೂಲೆಗೆ ಬೇರೆ ಬೇರೆ ಕಾರಣಕ್ಕೆ ಬಂದು ಹೋಗುತ್ತಿರುತ್ತಾರೆ.

ನಿಮ್ಮ ವಿಷಯ ನಿಮಗೆ ಗೊತ್ತು, ಪೋಸ್ಟರಿನಲ್ಲಿ ಏನಿರಬೇಕೆಂದು ಗೈಡ್ ಹೇಳಿಕೊಡುತ್ತಾರೆ. ಮಿಕ್ಕಿದ್ದನ್ನು ಕೂತು ಹೇಳುವವರು ಕಡಿಮೆ. ಮನೆಯಲ್ಲಿ ಯಾರೂ ವಿದೇಶಕ್ಕೆ ಹೋಗಿರದ, ಸಣ್ಣ ಊರಿನಿಂದ ಬಂದ ವಿದ್ಯಾರ್ಥಿಗೆ ಈ ‘ಮಿಕ್ಕಿದ್ದೇ’ ದೊಡ್ಡ ಭಯ. ಐದು ದಿನದ ಸಮ್ಮೇಳನದಲ್ಲಿ ನಿಜವಾದ ಲಾಭ ಸಿಗುವುದು ನಿಮ್ಮ ಪ್ರಬಂಧ ಓದಿದವರು ಎದುರಿಗೆ ಬಂದು ನಿಂತಾಗ. ಆ ಗಳಿಗೆಯಲ್ಲಿ ನೀವು ಹಸಿದಿರಬಾರದು, ನಿದ್ದೆಗೆಟ್ಟಿರಬಾರದು, ಬ್ಯಾಂಕಿನ ಓಟಿಪಿ ಬರಲಿಲ್ಲವೆಂದು ಚಡಪಡಿಸುತ್ತಿರಬಾರದು. ಈ ಲೇಖನದ ಉದ್ದೇಶ ಅಷ್ಟೇ.

ಮೊದಲು ಹೆಸರು, ಆಮೇಲೆ ವೀಸಾ

ಪಾಸ್‌ಪೋರ್ಟ್ ತೆರೆದು ನಿಮ್ಮ ಹೆಸರು ಅದರಲ್ಲಿ ಹೇಗಿದೆ ಎಂದು ನೋಡಿಕೊಳ್ಳಿ. ಕನ್ನಡಿಗರು ಇದನ್ನು ಉಳಿದವರಿಗಿಂತ ಹೆಚ್ಚು ಗಮನವಿಟ್ಟು ನೋಡಬೇಕು. ನಮ್ಮಲ್ಲಿ ಮನೆತನದ ಹೆಸರಿಗಿಂತ ಇನಿಷಿಯಲ್‌ಗಳೇ ಜಾಸ್ತಿ. ಅಂಕಪಟ್ಟಿಯಲ್ಲಿ ಹೆಸರಿನ ಪಕ್ಕ ಎರಡಕ್ಷರ ಇಟ್ಟುಕೊಂಡವರು ಪಾಸ್‌ಪೋರ್ಟಿನಲ್ಲಿ ಊರನ್ನೂ ಅಪ್ಪನ ಹೆಸರನ್ನೂ ಬಿಡಿಸಿ ಬರೆದು ಮೂರು ಪದದವರಾಗಿರುತ್ತಾರೆ. ಸಂಶೋಧನಾ ಪ್ರಬಂಧದಲ್ಲಿ ಅವರದೇ ಹೆಸರು ಇನ್ನೊಂದು ರೂಪದಲ್ಲಿ ಅಚ್ಚಾಗಿರುತ್ತದೆ. ಇನ್ನು ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಪೋಸ್ಟರಿನ ಮೇಲೆ ನಿಮಗಿಷ್ಟವಾದ ಹೆಸರು ಇರಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಸಮ್ಮೇಳನದ ನೋಂದಣಿ, ಆಹ್ವಾನ ಪತ್ರ, ವಿಮಾನದ ಟಿಕೆಟ್, ವಿಮೆ, ಹೋಟೆಲ್ ಈ ಐದರಲ್ಲೂ ಪಾಸ್‌ಪೋರ್ಟಿನ ಹೆಸರೇ ಅಕ್ಷರ ತಪ್ಪದೆ ಇರಬೇಕು. ಸರ್‌ನೇಮ್ ಖಾಲಿ ಇರುವವರ ಹೆಸರನ್ನು ಟಿಕೆಟ್ಟಿನಲ್ಲಿ ಹೇಗೆ ತುಂಬಬೇಕು ಎಂಬುದು ಒಂದೊಂದು ವಿಮಾನ ಸಂಸ್ಥೆಯಲ್ಲಿ ಒಂದೊಂದು ರೀತಿ. ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಸಮ್ಮೇಳನಕ್ಕೆ ಇನ್ನೂ ವರ್ಷವಿದೆ ಎನ್ನುವವರು ಪಾಸ್‌ಪೋರ್ಟನ್ನೇ ಸರಿಪಡಿಸಿಕೊಂಡರೆ ಮುಂದಿನ ಇಡೀ ವೃತ್ತಿಜೀವನಕ್ಕೆ ಅನುಕೂಲ.

ಪಾಸ್‌ಪೋರ್ಟಿನ ಅವಧಿಯನ್ನೂ ಇದೇ ಹೊತ್ತಿನಲ್ಲಿ ನೋಡಿ. ಯುರೋಪಿನಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಅದು ಚಾಲ್ತಿಯಲ್ಲಿರಬೇಕು, ಕೊಟ್ಟು 10 ವರ್ಷ ದಾಟಿರಬಾರದು, 2 ಪುಟವಾದರೂ ಖಾಲಿ ಇರಬೇಕು.

ಆಸ್ಟ್ರಿಯಾ ಷೆಂಗೆನ್ ವಲಯದ 29 ದೇಶಗಳಲ್ಲೊಂದು. ಒಂದೇ ವೀಸಾದಲ್ಲಿ ಇಡೀ ವಲಯ ಸುತ್ತಬಹುದು, ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮೀರುವಂತಿಲ್ಲ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು, ತೀರಾ ತಡವೆಂದರೆ 15 ದಿನ ಮುಂಚೆ. ಕಾಗದದ ಮೇಲೆ ತೀರ್ಮಾನಕ್ಕೆ ಬೇಕಾದದ್ದು 15 ದಿನ, ಹೆಚ್ಚಿನ ಪರಿಶೀಲನೆ ಬಂದರೆ 45 ದಿನದವರೆಗೂ ಎಳೆಯಬಹುದು. ಬೇಸಿಗೆ ಪ್ರವಾಸದ ಅರ್ಜಿಗಳೂ ಇದೇ ತಿಂಗಳುಗಳಲ್ಲಿ ಸೇರಿಕೊಳ್ಳುವುದರಿಂದ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಗುತ್ತದೆ.

ಇಜಿಯುಗೆ ಸಾರಾಂಶ ಸಲ್ಲಿಸುವ ಗಡುವು ಸಾಮಾನ್ಯವಾಗಿ ಜನವರಿ ಮಧ್ಯಭಾಗ. ಸಮ್ಮೇಳನ ಏಪ್ರಿಲ್‌ನಲ್ಲಿ. ನಡುವೆ ಉಳಿಯುವುದು ಮೂರೇ ತಿಂಗಳು ಮತ್ತು ಅದರಲ್ಲೇ ಸಂಸ್ಥೆಯ ಅನುಮತಿ, ಹಣ ಮಂಜೂರಾತಿ, ವೀಸಾ ಮೂರೂ ಆಗಬೇಕು. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯುತ್ತ ಕೂತರೆ ಏಪ್ರಿಲ್ ಬಂದುಬಿಡುತ್ತದೆ. ನನ್ನ ಸಲಹೆ ಇಷ್ಟು: ಸಾರಾಂಶ ಕಳಿಸಿದ ವಾರವೇ ಸಂಸ್ಥೆಯಲ್ಲಿ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಕೊಡಿ, ಅದು ಮೇಜಿನಿಂದ ಮೇಜಿಗೆ ಸಾಗುತ್ತಿರುವಾಗಲೇ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ಪತ್ರ, ವೇತನ ಅಥವಾ ಫೆಲೋಷಿಪ್ ದಾಖಲೆ ಜೋಡಿಸಿ, ಸಾರಾಂಶ ಒಪ್ಪಿತವಾದ ದಿನವೇ ನೋಂದಣಿ ಮಾಡಿ ಆಹ್ವಾನ ಪತ್ರ ಇಳಿಸಿಕೊಳ್ಳಿ. ಯುವ ಸಂಶೋಧಕರಿಗೆ ಇಜಿಯು ಪ್ರಯಾಣ ನೆರವನ್ನೂ ಕೊಡುತ್ತದೆ. ಅದರ ಗಡುವು ಸಾರಾಂಶದ ಗಡುವಿಗಿಂತ ಮುಂಚೆಯೇ ಬರುತ್ತದೆ ಎಂಬುದು ಎಷ್ಟೋ ಮಂದಿಗೆ ಗೊತ್ತಾಗುವಷ್ಟರಲ್ಲಿ ದಿನ ಕಳೆದಿರುತ್ತದೆ. ನೆರವು ಬೇಕೆನ್ನುವವರು ನವೆಂಬರ್‌ನಲ್ಲೇ ಸಾರಾಂಶ ಸಿದ್ಧವಾಗಿಟ್ಟುಕೊಳ್ಳಬೇಕು.

ಆಸ್ಟ್ರಿಯಾ ವೀಸಾ ಅರ್ಜಿಗಳನ್ನು ವಿಎಫ್‌ಎಸ್ ಕೇಂದ್ರದಲ್ಲಿ ತೆಗೆದುಕೊಳ್ಳುತ್ತಾರೆ. ವಯಸ್ಕರಿಗೆ ಶುಲ್ಕ 90 ಯೂರೋ. ಜೊತೆಗೆ ಕೇಂದ್ರದ ಸೇವಾ ಶುಲ್ಕ. ವೀಸಾ ತಿರಸ್ಕಾರವಾದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಬೆರಳಚ್ಚು ಕೊಡಲು ನೀವೇ ಹೋಗಬೇಕು. ಈಚಿನ ಐದು ವರ್ಷಗಳೊಳಗೆ ಬೇರೆ ಷೆಂಗೆನ್ ವೀಸಾಕ್ಕೆ ಕೊಟ್ಟಿದ್ದರೆ ಹಳೆಯದನ್ನೇ ಬಳಸಿಕೊಳ್ಳುವ ಅವಕಾಶವಿದೆ. ಪ್ರವಾಸ ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು ಮತ್ತು ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸಬೇಕು. ವಿಮಾನ ರದ್ದಾಗಿ ಒಂದು ದಿನ ಹೆಚ್ಚು ಉಳಿಯಬೇಕಾದರೂ ಆಗಬಹುದು, ಆದ್ದರಿಂದ ವಿಮೆಯನ್ನು ಮರಳುವ ತಾರೀಖಿನಾಚೆಗೂ ಕೆಲವು ದಿನ ಎಳೆದು ಕೊಳ್ಳಿ.

ಸಮ್ಮೇಳನ ಮುಗಿಸಿ ಪ್ಯಾರಿಸ್ಸಿಗೋ ಪ್ರಾಗ್‌ಗೋ ಹೋಗಿ ಬರುವ ಆಸೆ ಸಹಜ. ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬುದು ನಿಯಮ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶ. ಅರ್ಜಿಯಲ್ಲಿ ತೋರಿಸಿದ ಪ್ರಯಾಣಕ್ಕೂ ನಿಜವಾದ ಪ್ರಯಾಣಕ್ಕೂ ಸಂಬಂಧವೇ ಇಲ್ಲದಂತೆ ಮಾಡಬೇಡಿ, ಏಕೆಂದರೆ ಚೊಕ್ಕ ದಾಖಲೆಗೆ ಈಗ ನೇರ ಲಾಭವಿದೆ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಹೊಸ ನಿಯಮ ಬಂದಿದೆ. ಹಿಂದಿನ 3 ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ 2 ವರ್ಷದ, ಹಲವು ಪ್ರವೇಶದ ವೀಸಾ ಸಿಗಬಹುದು. ಆಮೇಲೆ 5 ವರ್ಷದ್ದೂ ಸಾಧ್ಯ. ಸಂಶೋಧನೆಯಲ್ಲೇ ಮುಂದುವರಿಯುವವರಿಗೆ ಇದು ಸಣ್ಣ ಮಾತಲ್ಲ.

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ವೀಸಾ ಚೀಟಿ ಓದಿ. ಹೆಸರು, ಆರಂಭ ಮತ್ತು ಕೊನೆಯ ತಾರೀಖು, ಎಷ್ಟು ಪ್ರವೇಶ, ಎಷ್ಟು ದಿನ. ಕೊನೆಯ ತಾರೀಖು ದೂರವಿದ್ದರೂ ಉಳಿಯಲು ಕೊಟ್ಟ ದಿನಗಳು ಕಡಿಮೆ ಇರಬಹುದು. ಲೆಕ್ಕಕ್ಕೆ ಬರುವುದು ಆ ದಿನಗಳೇ.

ವಿಮಾನ

ಬೆಂಗಳೂರಿನಿಂದ ವಿಯೆನ್ನಾಕ್ಕೆ ಒಂದೆಡೆ ಇಳಿದು ಹತ್ತಬೇಕಾಗುತ್ತದೆ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ನಡೆಯುತ್ತದೆ. ನೀವು ಯುರೋಪಿಗೆ ಪ್ರವೇಶಿಸುವುದು ಜರ್ಮನಿಯಲ್ಲಿ, ವಿಯೆನ್ನಾದಲ್ಲಿ ಇಳಿದ ಮೇಲೆ ಯಾರೂ ಕೇಳುವುದಿಲ್ಲ. ದುಬೈ, ಅಬುಧಾಬಿ, ದೋಹಾ ಮೂಲಕವಾದರೆ ತಪಾಸಣೆ ವಿಯೆನ್ನಾದಲ್ಲೇ. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಗಳಲ್ಲಿ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಗಣಕದಲ್ಲಿ ದಾಖಲಿಸುತ್ತಾರೆ, ಮೊದಲ ಸಲ ಮುಖದ ಚಿತ್ರ ತೆಗೆಯುತ್ತಾರೆ. ಸಾಲು ನಿಧಾನವಾಗಬಹುದು. ಜರ್ಮನಿಯಲ್ಲಿ ಎರಡು ವಿಮಾನಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಇರುವ ಟಿಕೆಟ್ಟನ್ನು ನಾನು ಯಾವ ಮೊದಲಿಗರಿಗೂ ಹೇಳುವುದಿಲ್ಲ, ಎಷ್ಟೇ ಅಗ್ಗವಾದರೂ. ಲಂಡನ್ ಮೂಲಕ ಹೋಗುವ ಟಿಕೆಟ್ ಕಂಡರೆ ಮೊದಲು ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ನಿಯಮ ಓದಿ. ಬ್ರಿಟನ್ ಷೆಂಗೆನ್ ವಲಯದಲ್ಲಿಲ್ಲ.

ಯುರೋಪಿನ ಕಡೆಗಿನ ಬಹಳಷ್ಟು ವಿಮಾನಗಳು ಬೆಂಗಳೂರಿನಿಂದ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ 12ನೇ ತಾರೀಖು ಬೆಳಗಿನ ಜಾವ 3 ಗಂಟೆ ಎಂದಿದ್ದರೆ ಮನೆ ಬಿಡಬೇಕಾದದ್ದು 11ರ ಸಂಜೆ. ಸರಳ ಲೆಕ್ಕ, ಆದರೂ ಮನೆಯವರಿಗೆ, ಕ್ಯಾಬಿನವರಿಗೆ ತಾರೀಖು ಬಿಡಿಸಿ ಹೇಳಿಬಿಡಿ. ಅಂತರರಾಷ್ಟ್ರೀಯ ವಿಮಾನಗಳೆಲ್ಲ ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2ರಿಂದ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ನಿಲ್ದಾಣದ ಬಾಗಿಲಿಗೆ ಬಿಡುತ್ತದೆ.

ಸರ್ಕಾರಿ ಹಣದಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಕೇಂದ್ರ ಸರ್ಕಾರದ ಖರ್ಚಿನ ಟಿಕೆಟ್‌ಗಳನ್ನು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರ ಮೂಲಕವೇ ಕೊಳ್ಳಬೇಕೆಂಬ ಆದೇಶವಿದೆ. ನಿಮ್ಮ ಅನುದಾನಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಲೆಕ್ಕಪತ್ರ ವಿಭಾಗದಲ್ಲಿ ಬರವಣಿಗೆಯಲ್ಲಿ ಕೇಳಿಕೊಂಡ ಮೇಲೆಯೇ ಟಿಕೆಟ್ ಕೊಳ್ಳಿ. ಫೋನಿನಲ್ಲಿ ಕಡಿಮೆ ಬೆಲೆ ಕಂಡಿತೆಂದು ಸ್ವಂತ ಕಾರ್ಡಿನಲ್ಲಿ ಕೊಂಡು, ಬಿಲ್ಲು ತಿರಸ್ಕಾರವಾದರೆ ಒಬ್ಬ ವಿದ್ಯಾರ್ಥಿಯ ತಿಂಗಳುಗಟ್ಟಲೆ ಫೆಲೋಷಿಪ್ ಅಲ್ಲೇ ಮುಳುಗುತ್ತದೆ.

ಯು1 ದಾರಿಯ ಮೇಲೊಂದು ಕೋಣೆ

ವಿಯೆನ್ನಾದಲ್ಲಿ ಕೋಣೆ ಹುಡುಕುವಾಗ ಸಮ್ಮೇಳನ ಸಭಾಂಗಣದ ಪಕ್ಕದಲ್ಲೇ ಬೇಕೆಂದು ಹಟ ಹಿಡಿಯಬೇಡಿ. ಆ ವಾರ ಅಲ್ಲಿನ ದರ ಆಕಾಶಕ್ಕೇರಿರುತ್ತದೆ. ಹುಡುಕಬೇಕಾದದ್ದು ಮೆಟ್ರೊದ ಯು1 ಮಾರ್ಗವನ್ನು. ಉತ್ತರದ ಲಿಯೋಪೋಲ್ಡಾವ್‌ನಿಂದ ದಕ್ಷಿಣದ ಓಬರ್‌ಲಾವರೆಗೆ ಓಡುವ ಈ ಕೆಂಪು ಬಣ್ಣದ ಮಾರ್ಗದಲ್ಲಿ ಸಭಾಂಗಣದ ನಿಲ್ದಾಣ ಕೈಸರ್‌ಮ್ಯೂಲೆನ್-ವಿಐಸಿ ಇದೆ. ಇದೇ ಮಾರ್ಗದಲ್ಲಿ ಮುಖ್ಯ ರೈಲು ನಿಲ್ದಾಣವಾದ ಹೌಪ್ಟ್‌ಬಾನ್‌ಹೋಫ್, ನಗರದ ನಡುವಿನ ಕಾರ್ಲ್ಸ್‌ಪ್ಲಾಟ್ಸ್ ಮತ್ತು ಸ್ಟೆಫಾನ್ಸ್‌ಪ್ಲಾಟ್ಸ್, ಆಮೇಲೆ ಪ್ರಾಟರ್‌ಸ್ಟರ್ನ್ ಬರುತ್ತವೆ. ಸಭಾಂಗಣದಿಂದ ಆಚೆಗೆ ಕಾಗ್ರಾನ್. ಇವುಗಳಲ್ಲಿ ಯಾವುದೇ ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಕೋಣೆ ಸಿಕ್ಕರೆ ಗಾಡಿ ಬದಲಿಸುವ ಗೋಜಿಲ್ಲ. ಹೌಪ್ಟ್‌ಬಾನ್‌ಹೋಫ್‌ನಿಂದ ದಕ್ಷಿಣಕ್ಕಿರುವ ಫಾವೊರಿಟೆನ್ ಬಡಾವಣೆಯಲ್ಲಿ ನಗರದ ನಡುವಿಗಿಂತ ದರ ಕಡಿಮೆ. ಅಡುಗೆಮನೆ ಇರುವ ಕೋಣೆಯಾದರೆ ಇನ್ನೂ ಒಳ್ಳೆಯದು, ಕಾರಣ ಮುಂದೆ ಹೇಳುತ್ತೇನೆ.

ಹೋಟೆಲಿನಲ್ಲಿ ನಿಮ್ಮ ವಿವರವನ್ನು ಅವರೇ ದಾಖಲಿಸುತ್ತಾರೆ. ಪರಿಚಯದವರ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಉಳಿಯುವವರು ಮಾತ್ರ ಸ್ಥಳೀಯ ಕಚೇರಿಯಲ್ಲಿ ವಾಸದ ನೋಂದಣಿ ಮಾಡಿಸಬೇಕೆಂಬ ಕಾನೂನು ಅಲ್ಲಿದೆ. ಅದನ್ನು ಆ ಮನೆಯವರಿಗೆ ನೆನಪಿಸಿ.

ವಿಮಾನ ನಿಲ್ದಾಣ ಊರ ಹೊರಗೆ ಶ್ವೆಖಾಟ್‌ನಲ್ಲಿದೆ. ಅಲ್ಲಿಂದ ಬರಲು ನಾಲ್ಕೈದು ದಾರಿಗಳಿವೆ. ಸಮ್ಮೇಳನಕ್ಕೆ ಬಂದವರಿಗೆ ಅನುಕೂಲವಾದದ್ದು ಆಸ್ಟ್ರಿಯಾ ರೈಲ್ವೆಯ ರೈಲು ಹಿಡಿದು ಹೌಪ್ಟ್‌ಬಾನ್‌ಹೋಫ್‌ಗೆ ಬರುವುದು. ಸುಮಾರು ಕಾಲು ಗಂಟೆಯ ಹಾದಿ, ಅಲ್ಲೇ ಕೆಳಗಿಳಿದರೆ ಯು1. ಹಸಿರು ಬಣ್ಣದ ಸಿಟಿ ಏರ್‌ಪೋರ್ಟ್ ಟ್ರೇನ್‌ನ ಜಾಹೀರಾತು ನಿಲ್ದಾಣದ ತುಂಬ ಕಾಣುತ್ತದೆ. ಅದು 16 ನಿಮಿಷಕ್ಕೆ ನಗರದ ವೀನ್ ಮಿಟ್ಟೆ ನಿಲ್ದಾಣಕ್ಕೆ ತಲುಪಿಸುತ್ತದೆ, ಆದರೆ ದುಬಾರಿ. ಅದೇ ಜಾಗಕ್ಕೆ ಎಸ್7 ಎಂಬ ಸಾಮಾನ್ಯ ರೈಲು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಂಡು ಬಹಳ ಕಡಿಮೆ ದುಡ್ಡಿಗೆ ಬರುತ್ತದೆ. ವಿಮಾನ ನಿಲ್ದಾಣ ನಗರದ ಟಿಕೆಟ್ ವಲಯದ ಹೊರಗಿರುವುದರಿಂದ ಬರೀ ನಗರದ ಟಿಕೆಟ್ ಸಾಲದು.

ಊರೊಳಗೆ ಮೆಟ್ರೊ, ಟ್ರಾಮ್, ಬಸ್ ಮೂರಕ್ಕೂ ಒಂದೇ ಟಿಕೆಟ್. ನಮ್ಮ ಮೆಟ್ರೊದಂತೆ ತೆರೆದುಕೊಳ್ಳುವ ಗೇಟುಗಳು ಅಲ್ಲಿಲ್ಲ. ಯಾರೂ ತಡೆಯುವುದಿಲ್ಲವಲ್ಲ ಎಂದು ಮುದ್ರೆ ಒತ್ತಿಸದೆ ಹತ್ತಿದರೆ ತಪಾಸಕರು ಸಾದಾ ಬಟ್ಟೆಯಲ್ಲಿ ಬಂದು ನಿಲ್ಲುತ್ತಾರೆ. ದಂಡ 100 ಯೂರೋಗೂ ಹೆಚ್ಚು, ವಿದೇಶಿ ಎಂಬ ರಿಯಾಯಿತಿ ಇಲ್ಲ. ಕಾಗದದ ಟಿಕೆಟ್ಟಾದರೆ ಮೊದಲ ಸಲ ಹತ್ತುವಾಗ ನಿಲ್ದಾಣದ ಬಾಗಿಲಲ್ಲಿರುವ ನೀಲಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿ. ಐದಾರು ದಿನ ಇರುವವರಿಗೆ ಬಿಡಿ ಟಿಕೆಟ್ಟಿಗಿಂತ ಏಳು ದಿನದ ಟಿಕೆಟ್ ಸಾಮಾನ್ಯವಾಗಿ ಲಾಭ. ಶುಕ್ರವಾರ, ಶನಿವಾರ ರಾತ್ರಿ ಮೆಟ್ರೊ ಬೆಳಗಿನ ತನಕ ಓಡುತ್ತದೆ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಭಾಗ ಅವಸರದವರದು. ಪಾದಚಾರಿ ದಾರಿಯ ಪಕ್ಕದಲ್ಲೇ ಸೈಕಲ್ ದಾರಿ ಇರುತ್ತದೆ. ನಮಗೆ ಅಭ್ಯಾಸವಿಲ್ಲದ್ದರಿಂದ ಅದರ ಮೇಲೇ ನಡೆದುಬಿಡುತ್ತೇವೆ, ಸೈಕಲ್ಲುಗಳು ವೇಗವಾಗಿ ಬರುತ್ತವೆ, ಎಚ್ಚರ.

ಊಟ, ನೀರು

ಅಡುಗೆಮನೆಯ ಮಾತಿಗೆ ಬರೋಣ. ಮಾಂಸ ತಿನ್ನುವವರಿಗೆ ವಿಯೆನ್ನಾದಲ್ಲಿ ಏನೂ ಕೊರತೆಯಿಲ್ಲ. ಶ್ನಿಟ್ಸೆಲ್ ಆ ಊರಿನ ಹೆಮ್ಮೆ, ಆದರೆ ಅಗ್ಗದ್ದು ಹೆಚ್ಚಾಗಿ ಹಂದಿಮಾಂಸದ್ದು ಎಂದು ತಿಳಿದಿರಲಿ. ಸಸ್ಯಾಹಾರಿಗಳಿಗೂ ಈಗ ಕಷ್ಟ ಕಡಿಮೆ, ಆದರೆ ಮಾಂಸ ಕಾಣದಿರುವ ಕಡೆಯೂ ಇರುತ್ತದೆ. ತರಕಾರಿ ಸೂಪಿನಂತೆ ಕಾಣುವುದು ದನದ ಎಲುಬಿನ ಸಾರಿನಲ್ಲಿ ಕುದಿಸಿದ್ದಾಗಿರಬಹುದು. ವಿಯೆನ್ನಾ ಶೈಲಿಯ ಆಲೂಗಡ್ಡೆ ಸಲಾಡಿಗೂ ಅದೇ ಸಾರು ಹಾಕುವ ಪದ್ಧತಿ. ‘ವೆಗೆಟಾರಿಶ್’ ಎಂದು ಕೇಳಿ. ಮೊಟ್ಟೆಯೂ ಬೇಡವೆಂದರೆ ‘ಓನೆ ಐ’ ಎಂದು ಸೇರಿಸಿ. ಇವೆಲ್ಲದರ ಗೊಂದಲವೇ ಬೇಡವೆಂದರೆ ‘ವೇಗಾನ್’ ಎಂದರೆ ಸಾಕು, ಯಾವ ಹೋಟೆಲಿನಲ್ಲೂ ಅರ್ಥವಾಗುತ್ತದೆ. ಅನ್ನ ತಿನ್ನಲೇಬೇಕು ಎನಿಸಿದ ದಿನ ಷೊಟೆನ್‌ಟೋರ್ ಹತ್ತಿರದ ‘ವೀನರ್ ದೀವಾನ್’ಗೆ ಹೋಗಿ. ಪಾಕಿಸ್ತಾನಿ ಅಡುಗೆ, ಬಡಿಸಿಕೊಂಡು ಉಂಡು ನಿಮಗೆ ತೋಚಿದಷ್ಟು ಕೊಡುವ ಪದ್ಧತಿ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿ ತುಂಬಿರುತ್ತಾರೆ.

ಆದರೂ ವಾರಪೂರ್ತಿ ಹೊರಗೆ ಉಣ್ಣುವುದು ಫೆಲೋಷಿಪ್‌ನವರಿಗೆ ಭಾರ. ಬಿಲ್ಲಾ, ಸ್ಪಾರ್, ಹೋಫರ್ ಎಂಬ ಸೂಪರ್‌ಮಾರ್ಕೆಟ್‌ಗಳು ಬೀದಿಬೀದಿಯಲ್ಲಿವೆ. ಅಕ್ಕಿ, ಮೊಸರು, ತರಕಾರಿ, ಬ್ರೆಡ್ ಎಲ್ಲ ಸಿಗುತ್ತದೆ. ಸಪ್ಪೆ ಮೊಸರಿಗೆ ‘ನಟೂರ್ ಯೋಗರ್ಟ್’ ಎನ್ನುತ್ತಾರೆ. ರಾತ್ರಿ ಬಂದು ಅನ್ನ ಬೇಯಿಸಿ ಮೊಸರನ್ನ ಉಂಡು ಮಲಗಿದವರು ಮರುದಿನ ಬೆಳಗಿನ ಅಧಿವೇಶನದಲ್ಲಿ ಎಚ್ಚರವಾಗಿರುತ್ತಾರೆ.

ಭಾನುವಾರದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸೂಪರ್‌ಮಾರ್ಕೆಟ್ ಕೂಡ. ಸೋಮವಾರ ಶುರುವಾಗುವ ಸಮ್ಮೇಳನಕ್ಕೆ ಬಹುತೇಕರು ಬಂದಿಳಿಯುವುದು ಭಾನುವಾರವೇ. ಹಾಗಾಗಿ ಮೊದಲ ರಾತ್ರಿಯೇ ಹಸಿವು. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಯು1 ಮೇಲೇ ಇರುವ ಹೌಪ್ಟ್‌ಬಾನ್‌ಹೋಫ್, ಪ್ರಾಟರ್‌ಸ್ಟರ್ನ್‌ಗಳಲ್ಲಿ ಅಂಥವು ಇವೆ. ಸಾಲು ಉದ್ದವಿರುತ್ತದೆ. ಏಪ್ರಿಲ್‌ನಲ್ಲಿ ಈಸ್ಟರ್ ಬಂದರೆ ಅದರ ಮರುದಿನದ ಸೋಮವಾರವೂ ರಜೆ.

ಊರಿನಿಂದ ಒಯ್ಯುವುದರಲ್ಲೂ ಕಾನೂನಿದೆ. ಯುರೋಪ್ ಒಕ್ಕೂಟದೊಳಕ್ಕೆ ಹೊರದೇಶದಿಂದ ಮಾಂಸ, ಹಾಲು ಮತ್ತು ಅವುಗಳ ಪದಾರ್ಥ ತರುವಂತಿಲ್ಲ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪದ ಬಾಟಲಿ, ಧಾರವಾಡ ಪೇಡಾ ಈ ಸಾಲಿಗೆ ಬರುತ್ತವೆ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಏಪ್ರಿಲ್ ಮಾವಿನ ಕಾಲ; ಅಲ್ಲಿನ ಸ್ನೇಹಿತರಿಗೆ ನಾಲ್ಕು ಮಾವಿನಹಣ್ಣು ಒಯ್ಯುವ ಆಸೆಯನ್ನೂ, ಎರಡು ಎಸಳು ಹಸಿ ಕರಿಬೇವನ್ನೂ ಮನೆಯಲ್ಲೇ ಬಿಡಿ. ಗಿಟುಕು ಕೊಬ್ಬರಿಗೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆ, ಅದರಲ್ಲಿರುವ ಎಣ್ಣೆ ಬೇಗ ಬೆಂಕಿ ಹಿಡಿಯುತ್ತದೆ ಎಂಬ ಕಾರಣಕ್ಕೆ. ತೆಳು ಅವಲಕ್ಕಿ, ಹುರಿದ ಉಪ್ಪಿಟ್ಟಿನ ರವೆ, ಚಟ್ನಿಪುಡಿ, ಸಾರಿನ ಪುಡಿ, ಚಕ್ಕುಲಿ ಇವು ತೊಂದರೆ ಕೊಡುವುದಿಲ್ಲ. ಪುಡಿಗಳನ್ನು ಕೈಚೀಲಕ್ಕಿಂತ ಒಪ್ಪಿಸುವ ದೊಡ್ಡ ಚೀಲದಲ್ಲಿ, ಎರಡು ಪದರ ಪ್ಲಾಸ್ಟಿಕ್ ಸುತ್ತಿ ಇಡಿ.

ನೀರಿಗೆ ದುಡ್ಡು ಕೊಡಬೇಡಿ. ವಿಯೆನ್ನಾದ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಒರತೆಗಳಿಂದ ಕೊಳವೆಯಲ್ಲಿ ಬರುವ ಊಟೆ ನೀರು. ಸ್ನಾನದ ಮನೆಯ ನಲ್ಲಿಯಲ್ಲಿ ಬರುವುದೂ ಅದೇ. ಒಂದು ಖಾಲಿ ಬಾಟಲಿ ಜೊತೆಗಿದ್ದರೆ ಸಾಕು. ಭೂವಿಜ್ಞಾನದವರು ಈ ನೀರನ್ನು ಕುಡಿಯುವಾಗ ಎಡ್ವರ್ಡ್ ಜ್ಯೂಸ್ ಅವರನ್ನು ನೆನೆಯಬೇಕು. ಆಫ್ರಿಕಾ, ಭಾರತ, ದಕ್ಷಿಣ ಅಮೆರಿಕ ಒಂದು ಕಾಲಕ್ಕೆ ಕೂಡಿಕೊಂಡಿದ್ದವೆಂದು ಹೇಳಿ, ಆ ಭೂಭಾಗಕ್ಕೆ ನಮ್ಮ ಮಧ್ಯಭಾರತದ ಗೋಂಡ್ವಾನ ಪ್ರದೇಶದ ಹೆಸರನ್ನಿಟ್ಟ ವಿಜ್ಞಾನಿ ಅವರು. ಕೊಳಕು ನೀರಿನಿಂದ ಟೈಫಾಯ್ಡ್, ಕಾಲರಾ ಹರಡುತ್ತಿದ್ದ ತಮ್ಮ ಊರಿಗೆ ಬೆಟ್ಟದ ನೀರು ತರಬೇಕೆಂದು ನಗರಸಭೆಯಲ್ಲಿ ವಾದಿಸಿ, 1873ರಲ್ಲಿ ಮೊದಲ ಕೊಳವೆ ಮಾರ್ಗ ತೆರೆಯುವಂತೆ ಮಾಡಿದವರೂ ಅವರೇ. ಆ ವರ್ಷ ಅದರ ನೆನಪಿಗೆ ಚಿಮ್ಮಿಸಿದ ದೊಡ್ಡ ಕಾರಂಜಿ ಶ್ವಾರ್ಟ್ಸೆನ್‌ಬರ್ಗ್ ಚೌಕದಲ್ಲಿದೆ. ನೀರು, ಬಂಡೆಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿ ಅದನ್ನೊಮ್ಮೆ ನೋಡಿ ಬರಬೇಕು. ವಿಜ್ಞಾನಿಯೊಬ್ಬ ತನ್ನ ಊರಿಗೆ ಏನು ಕೊಡಬಹುದು ಎಂಬುದಕ್ಕೆ ನನಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಗೊತ್ತಿಲ್ಲ.

ಅಂಗಡಿಯಲ್ಲಿ ತಂಪು ಪಾನೀಯ ಕೊಂಡರೆ ಬಾಟಲಿಗೆ, ಡಬ್ಬಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟಿನ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ.

ದುಡ್ಡು, ಫೋನು, ಮೈ

ವಿದೇಶದಲ್ಲಿ ಬಳಸುವ ಸೌಲಭ್ಯ ನಮ್ಮ ಕಾರ್ಡುಗಳಲ್ಲಿ ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಹೊರಡುವ ಮುನ್ನ ತೆರೆಯಿರಿ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು ಬೇರೆ ಬೇರೆ ಚೀಲದಲ್ಲಿರಲಿ. ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರೋ, ಯೂರೋದಲ್ಲೋ’ ಎಂದು ಕೇಳಿದರೆ ಯಾವಾಗಲೂ ಯೂರೋ ಒತ್ತಿ; ರೂಪಾಯಿ ಒತ್ತಿದರೆ ಅವರು ಹೇಳಿದ ದರ, ನಿಮಗೆ ನಷ್ಟ. ಸಣ್ಣ ಕಾಫಿ ಅಂಗಡಿ, ಸಂತೆಗಳಲ್ಲಿ ನಗದನ್ನೇ ಕೇಳುವುದುಂಟು, ಹಾಗಾಗಿ ಸ್ವಲ್ಪ ಯೂರೋ ನೋಟು ಕೈಯಲ್ಲಿರಲಿ. ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಶೇ 5ರಿಂದ 10 ಸೇರಿಸಿ ಕೊಡುವುದು ರೂಢಿ; ಮೇಜಿನ ಮೇಲೆ ಬಿಟ್ಟು ಬರುವುದಿಲ್ಲ, ಕೊಡುವಾಗಲೇ ಒಟ್ಟು ಮೊತ್ತ ಹೇಳುತ್ತಾರೆ.

ಊರಿನ ಸಿಮ್ಮನ್ನು ತೆಗೆದು ಚೀಲದಲ್ಲಿ ಮರೆತರೆ ಓಟಿಪಿ ಎಲ್ಲಿಗೆ ಬರಬೇಕು? ಅದನ್ನು ರೋಮಿಂಗ್‌ನಲ್ಲಿ ಜೀವಂತವಾಗಿಟ್ಟು, ಇಂಟರ್‌ನೆಟ್ಟಿಗೆ ಮಾತ್ರ ಇ-ಸಿಮ್ ಬಳಸಿ. ನಿಮ್ಮ ಸಂಸ್ಥೆ ವಿಶ್ವವಿದ್ಯಾಲಯಗಳ ಎಡುರೋಮ್ ವೈ-ಫೈ ಜಾಲದಲ್ಲಿದ್ದರೆ ಹೊರಡುವ ಮೊದಲೇ ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಜೋಡಿಸಿ ನೋಡಿ. ಆಸ್ಟ್ರಿಯಾದ ಪ್ಲಗ್ಗಿಗೆ ಎರಡು ದುಂಡನೆಯ ಪಿನ್ನು. ನಮ್ಮ ಫೋನ್ ಚಾರ್ಜರ್ ಸಾಮಾನ್ಯವಾಗಿ ಹಿಡಿಸುತ್ತದೆ, ಲ್ಯಾಪ್‌ಟಾಪಿನ ಮೂರು ಪಿನ್ನಿನದು ಹಿಡಿಸುವುದಿಲ್ಲ. ಅಡಾಪ್ಟರ್ ಒಯ್ಯಲೇಬೇಕು.

ಏಪ್ರಿಲ್‌ನ ವಿಯೆನ್ನಾ ಒಂದೇ ದಿನದಲ್ಲಿ ಎರಡು ಋತು ತೋರಿಸುತ್ತದೆ. ಬೆಳಿಗ್ಗೆ 5 ಡಿಗ್ರಿ, ಮಧ್ಯಾಹ್ನ ಬಿಸಿಲು, ಸಂಜೆ ಡ್ಯಾನ್ಯೂಬ್ ನದಿಯ ಕಡೆಯಿಂದ ಕೊರೆಯುವ ಗಾಳಿ. ಒಂದು ದಪ್ಪ ಕೋಟಿಗಿಂತ ತೆಳುವಾದ ಎರಡು ಮೂರು ಪದರ, ಮೇಲೊಂದು ಗಾಳಿ ತಡೆಯುವ ಜಾಕೆಟ್ ಒಳ್ಳೆಯದು. ಇಜಿಯುನಲ್ಲಿ ಸೂಟು ಬೂಟು ಯಾರೂ ಕೇಳುವುದಿಲ್ಲ. ಮೆತ್ತನೆಯ ಬೂಟು ಮಾತ್ರ ಬೇಕೇ ಬೇಕು, ದಿನವಿಡೀ ನಡೆಯುವುದು, ನಿಲ್ಲುವುದು.

ಔಷಧ ಇಲ್ಲಿಂದಲೇ ಒಯ್ಯಿರಿ, ವೈದ್ಯರ ಚೀಟಿ ಸಮೇತ. ಅಲ್ಲಿ ಪ್ಯಾರಾಸಿಟಮಾಲ್ ಕೂಡ ಸೂಪರ್‌ಮಾರ್ಕೆಟಿನಲ್ಲಿ ಸಿಗುವುದಿಲ್ಲ, ‘ಅಪೊಟೇಕೆ’ ಎಂಬ ಔಷಧ ಅಂಗಡಿಗೇ ಹೋಗಬೇಕು. ಭಾನುವಾರ ಸರದಿಯ ಮೇಲೆ ಕೆಲವು ಮಾತ್ರ ತೆರೆದಿರುತ್ತವೆ. ತುರ್ತು ಕರೆಗೆ 112, ಆಂಬುಲೆನ್ಸಿಗೆ 144, ಪೊಲೀಸರಿಗೆ 133. ಪಾಸ್‌ಪೋರ್ಟ್ ಕಳೆದರೆ ಕೆರ್ನ್ಟ್‌ನರ್ ರಿಂಗ್ ರಸ್ತೆಯಲ್ಲಿರುವ ಭಾರತದ ರಾಯಭಾರ ಕಚೇರಿ. ಅದೂ ಕಾರ್ಲ್ಸ್‌ಪ್ಲಾಟ್ಸ್ ನಿಲ್ದಾಣದ ಹತ್ತಿರವೇ. ಪಾಸ್‌ಪೋರ್ಟ್, ವೀಸಾದ ಚಿತ್ರ ಇಮೇಲಿನಲ್ಲಿಟ್ಟುಕೊಳ್ಳಿ.

ಸಭಾಂಗಣದಲ್ಲಿ

ಪೋಸ್ಟರನ್ನು ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಚೀಲಕ್ಕೆ ಹಾಕಬಹುದು. ಉದ್ದನೆಯ ಕೊಳವೆ ಹಿಡಿದು ಮೂರು ವಿಮಾನ ನಿಲ್ದಾಣ ದಾಟುವ ತಾಪತ್ರಯವಿಲ್ಲ. ಇಜಿಯು ಫಲಕಗಳು ಅಡ್ಡ ಆಕಾರದವು. ಉದ್ದುದ್ದ ಮುದ್ರಿಸಿ ತಂದರೆ ಕೆಳಗಿನ ಭಾಗ ನೇತಾಡುತ್ತದೆ, ಆ ವರ್ಷದ ಅಳತೆಯನ್ನು ಸೂಚನೆಯಲ್ಲಿ ನೋಡಿಯೇ ವಿನ್ಯಾಸ ಶುರುಮಾಡಿ.

ವಿಯೆನ್ನಾ ಬೇಸಿಗೆ ಗಡಿಯಾರದಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಮೊದಲೆರಡು ದಿನ ಮುಂಜಾನೆ ನಾಲ್ಕಕ್ಕೇ ಎಚ್ಚರವಾಗುತ್ತದೆ, ಸಂಜೆ ಆರಕ್ಕೆ ಕಣ್ಣು ಎಳೆಯುತ್ತದೆ. ಪೋಸ್ಟರ್ ಅಧಿವೇಶನ ಸಂಜೆಯಿದ್ದರೆ ಮಧ್ಯಾಹ್ನದ ಒಂದೆರಡು ಭಾಷಣ ಬಿಟ್ಟು ನಡೆದಾಡಿ ಬನ್ನಿ. ಸಾವಿರಾರು ಭಾಷಣಗಳಿರುತ್ತವೆ, ಎಲ್ಲ ಕೇಳುತ್ತೇನೆಂದು ಓಡಾಡಿದವರು ಮೂರನೇ ದಿನಕ್ಕೆ ಸೋತಿರುತ್ತಾರೆ. ದಿನಕ್ಕೆ ನಾಲ್ಕೋ ಐದೋ ಗುರುತು ಹಾಕಿಕೊಳ್ಳಿ. ಭೇಟಿಯಾಗಬೇಕೆಂದಿರುವ ಹಿರಿಯ ವಿಜ್ಞಾನಿಗೆ ಎರಡು ವಾರ ಮುಂಚೆಯೇ ನಾಲ್ಕು ಸಾಲಿನ ಇಮೇಲ್ ಹಾಕಿ, ನನ್ನ ಪೋಸ್ಟರ್ ಇಂಥ ದಿನ, ಇಂಥ ಫಲಕದಲ್ಲಿ ಎಂದು. ಬರೆದರೆ ಏನೆಂದುಕೊಳ್ಳುತ್ತಾರೋ ಎಂಬ ನಮ್ಮ ಸಂಕೋಚ ಅಲ್ಲಿ ಬೇಡ. ಹೀಗೆ ಬರೆಯುವುದು ಅಲ್ಲಿನವರಿಗೆ ದಿನನಿತ್ಯದ ವಾಡಿಕೆ, ಬಹಳ ಮಂದಿ ನಿಜವಾಗಿ ಬಂದು ನಿಲ್ಲುತ್ತಾರೆ. ಪಕ್ಕದ ವಿಶ್ವಸಂಸ್ಥೆ ಕಟ್ಟಡದಲ್ಲಿ ಸಭೆಯಿರುವವರು ಮಾತ್ರ ಪಾಸ್‌ಪೋರ್ಟ್ ಜೊತೆಗೊಯ್ಯಬೇಕು, ಅದಿಲ್ಲದೆ ಬಾಗಿಲು ದಾಟಲಾಗದು.

ಒಂದು ಅರ್ಧ ದಿನ ಉಳಿದರೆ ಅರಮನೆಗಳಿಗಿಂತ ಮೊದಲು ನೈಸರ್ಗಿಕ ಇತಿಹಾಸ ಸಂಗ್ರಹಾಲಯಕ್ಕೆ ಹೋಗಿ. ಉಲ್ಕಾಶಿಲೆಗಳ ಅಲ್ಲಿನ ಸಂಗ್ರಹ ಜಗತ್ಪ್ರಸಿದ್ಧ; 1908ರಲ್ಲಿ ಸಿಕ್ಕ ವಿಲೆನ್‌ಡಾರ್ಫ್‌ನ ಪುಟ್ಟ ಕಲ್ಲಿನ ಹೆಣ್ಣುಮೂರ್ತಿಯೂ ಅಲ್ಲೇ ಇದೆ. ಮಂಗಳವಾರ ಸಾಮಾನ್ಯವಾಗಿ ರಜೆ. ಭೌತವಿಜ್ಞಾನದವರಿಗೆ ಊರ ಅಂಚಿನ ದೊಡ್ಡ ಸ್ಮಶಾನದಲ್ಲಿ ಬೋಲ್ಟ್ಸ್‌ಮನ್ ಸಮಾಧಿ, ಅದರ ಮೇಲೆ ಅವರ ಎಂಟ್ರೊಪಿ ಸೂತ್ರ ಕೆತ್ತಿದೆ. ಸಂಗೀತದ ಹುಚ್ಚಿರುವವರು ಸ್ಟೆಫಾನ್ಸ್‌ಪ್ಲಾಟ್ಸ್‌ನಲ್ಲಿ ಮೊಜಾರ್ಟ್ ವೇಷ ತೊಟ್ಟು ಕಛೇರಿಯ ಟಿಕೆಟ್ ಮಾರುವವರ ಬಳಿ ಕೊಳ್ಳದೆ, ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಕೇಳಲಿ. ಬೆಲೆ ಕಡಿಮೆ, ಕೇಳುವುದು ಅದೇ ಸಂಗೀತ. ಕಾಫಿಹೌಸಿನಲ್ಲಿ ‘ಮೆಲಾಂಜ್’ ಎಂದು ಕೇಳಿದರೆ ಹಾಲು ಹಾಕಿದ ಕಾಫಿ ಬರುತ್ತದೆ, ಜೊತೆಗೊಂದು ಲೋಟ ನೀರು. ಒಂದೇ ಕಾಫಿಗೆ ಎರಡು ಗಂಟೆ ಕೂತರೂ ಎಬ್ಬಿಸುವುದಿಲ್ಲ. ಮರುದಿನದ ಮಾತನ್ನು ತಿದ್ದಿಕೊಳ್ಳಲು ಒಳ್ಳೆಯ ಜಾಗ.

ಹೊರಡುವ ಮುನ್ನ ಹಾಜರಾತಿ ಪ್ರಮಾಣಪತ್ರ ಇಳಿಸಿಕೊಳ್ಳಿ. ಬೋರ್ಡಿಂಗ್ ಪಾಸುಗಳನ್ನು, ಹೋಗುವಾಗಿನದೂ ಬರುವಾಗಿನದೂ, ಬಿಸಾಡಬೇಡಿ. ಗೇಟಿನಲ್ಲಿ ಹರಿದುಕೊಟ್ಟ ಚೂರಾದರೂ ಸರಿ, ಅದೇ ದಿನ ಚಿತ್ರ ತೆಗೆದಿಡಿ. ನಮ್ಮ ಕಚೇರಿಗಳಲ್ಲಿ ಬಿಲ್ಲು ಪಾಸಾಗುವುದು ಅದರ ಮೇಲೆ. ಹೋಟೆಲಿನಲ್ಲಿ ಬಿಲ್ಲನ್ನು ಇಂಗ್ಲಿಷಿನಲ್ಲಿ ಕೇಳಿದರೆ ಕೊಡುತ್ತಾರೆ. ಟಿಕೆಟ್, ನೋಂದಣಿ, ವಿಮೆ, ವೀಸಾ ಶುಲ್ಕದ ರಸೀದಿ ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು, ಊರಿಗೆ ಬಂದ ವಾರವೇ ಲೆಕ್ಕಪತ್ರ ವಿಭಾಗಕ್ಕೆ ಒಪ್ಪಿಸಿ, ಸ್ವೀಕೃತಿ ಪಡೆದುಕೊಳ್ಳಿ.